ಡಾಕ್ಟರ್ ‘ಡಿಕೆಎ’ ಅಂತ ಬರೆದಿಲ್ಲ, ನಾನು ಕೋಡ್ ಹಾಕಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗಂಗಾವತಿಯವಳು. ಬಿ.ಎಸ್ಸಿ. ಮುಗಿಸಿ, ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಸಂಜೆ ಹೊತ್ತು ಅಮೆರಿಕದ ಮೆಡಿಕಲ್ ಕೋಡಿಂಗ್ (ಫೈಲ್ ಓದಿ ರೋಗಕ್ಕೆ ಅಕ್ಷರ-ಅಂಕಿಯ ಕೋಡ್ ಹಾಕುವ ಕೆಲಸ) ಪರೀಕ್ಷೆಗೆ ಓದುತ್ತೇನೆ. ಹೋದ ವಾರ ಸಿರುಗುಪ್ಪ ಕಡೆಯ 42 ವರ್ಷದ ರೋಗಿಯೊಬ್ಬರ ಫೈಲ್ ಬಂತು. ಬೇರೆ ಆಸ್ಪತ್ರೆಯಿಂದ ರೆಫರ್ ಆಗಿ ಬಂದವರು. ಶುಗರ್ 412, ಪಿಎಚ್ 7.18, ಬೈಕಾರ್ಬೊನೇಟ್ 11, ಮೂತ್ರದಲ್ಲಿ ಕೀಟೋನ್ 3+. ಇನ್ಸುಲಿನ್ ಇನ್‌ಫ್ಯೂಷನ್ ಹಾಕಿದ್ದಾರೆ. ಆದರೆ ಡಾಕ್ಟರ್ ಬರೆದಿರುವುದು ‘ಅನ್‌ಕಂಟ್ರೋಲ್ಡ್ ಡಯಾಬಿಟಿಸ್ ವಿತ್ ಮೆಟಬಾಲಿಕ್ ಅಸಿಡೋಸಿಸ್’ ಅಂತ ಮಾತ್ರ. ಡಿಕೆಎ, ಅಂದರೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಎಂಬ ಪದ ಎಲ್ಲೂ ಇಲ್ಲ. ನಾನು ಇ11.1 ಹಾಕಿದೆ. ಇನ್ಶೂರೆನ್ಸ್‌ನವರು ಕ್ವೆರಿ ಹಾಕಿ ವಾಪಸ್ ಕಳಿಸಿದರು. ‘ಇನ್ಸುಲಿನ್ ಮೇಲಿದ್ದಾರೆ, ಇ10.1 ಹಾಕು’ ಅಂತ ಸೀನಿಯರ್ ಹೇಳುತ್ತಾರೆ. ಕ್ಲಾಸಿನ ಸರ್ ಇ11.10 ಅಂತಾರೆ. ಯಾವುದು ಸರಿ? ಪಿಎಚ್ ಕಣ್ಣೆದುರೇ ಇರುವಾಗ ನಾನೇ ಡಿಕೆಎ ಅಂತ ತಿಳಿದು ಕೋಡ್ ಹಾಕಿದರೆ ತಪ್ಪೇನು?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳೆಲ್ಲ ಅದಕ್ಕೇ ಗಂಟು ಬಿದ್ದಿವೆ.

ಇವತ್ತಿನ ಸ್ಥಿತಿಯಲ್ಲಿ ಆ ಮೂರು ಕೋಡುಗಳಲ್ಲಿ ಒಂದನ್ನೂ ಹಾಕುವ ಹಾಗಿಲ್ಲ. ಆ ರೋಗಿಗೆ ಡಿಕೆಎ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ನೀವು ಕೊಟ್ಟ ಅಂಕಿ ನೋಡಿದರೆ ಅದೇ ಇರಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ನಿಮಗೆ, ನನಗೆ ಅನ್ನಿಸಿದ್ದು ಡಯಾಗ್ನೋಸಿಸ್ ಆಗುವುದಿಲ್ಲ. ರೋಗಿಯನ್ನು ಕಂಡ ಡಾಕ್ಟರ್ ಬರೆದದ್ದು ಮಾತ್ರ ಡಯಾಗ್ನೋಸಿಸ್. ಲ್ಯಾಬ್ ರಿಪೋರ್ಟ್ ನೋಡಿ ಕೋಡರ್ ರೋಗದ ಹೆಸರಿಡುವಂತಿಲ್ಲ. ಅಮೆರಿಕದ ಕೋಡಿಂಗ್ ನಿಯಮಾವಳಿಯೂ ಇದನ್ನೇ ಹೇಳುತ್ತದೆ: ಕೋಡ್ ನಿಲ್ಲುವುದು ಚಿಕಿತ್ಸೆ ಕೊಟ್ಟವರ ಬರಹದ ಮೇಲೆ.

ಇದು ಸುಮ್ನೆ ಹಟದ ನಿಯಮ ಅಲ್ಲ. ಇನ್ಸುಲಿನ್ ತೀರಾ ಕಡಿಮೆಯಾದಾಗ ದೇಹಕ್ಕೆ ಸಕ್ಕರೆಯನ್ನು ಬಳಸಲು ಬರುವುದಿಲ್ಲ. ಆಗ ಕೊಬ್ಬನ್ನು ಸುಡಲು ಶುರು ಮಾಡುತ್ತದೆ. ಕೊಬ್ಬು ಸುಟ್ಟಾಗ ಕೀಟೋನ್ ಹುಟ್ಟುತ್ತದೆ. ಕೀಟೋನ್ ಅಂದರೆ ಆಮ್ಲ. ಅದು ಜಾಸ್ತಿಯಾದರೆ ರಕ್ತವೇ ಹುಳಿಯಾಗುತ್ತದೆ, ಅದೇ ಅಸಿಡೋಸಿಸ್. ಆಗ ಪಿಎಚ್, ಬೈಕಾರ್ಬೊನೇಟ್ ಎರಡೂ ಇಳಿಯುತ್ತವೆ. ಇದು ಡಿಕೆಎ. ಆದರೆ ಮೂರು ದಿನ ವಾಂತಿಯಾಗಿ ಏನೂ ತಿನ್ನದವರ ಮೂತ್ರದಲ್ಲೂ ಕೀಟೋನ್ ಬರುತ್ತದೆ. ಜಾಸ್ತಿ ಕುಡಿದು ಊಟ ಬಿಟ್ಟವರಲ್ಲೂ ಬರುತ್ತದೆ. ರಕ್ತ ಹುಳಿಯಾಗುವುದಕ್ಕೆ ಕಿಡ್ನಿ ಕೈಕೊಟ್ಟಿರಬಹುದು, ಭೇದಿ ಆಗಿರಬಹುದು, ಸೋಂಕಿನಿಂದ ಲ್ಯಾಕ್ಟೇಟ್ ಏರಿರಬಹುದು. ಡಯಾಬಿಟಿಸ್ ಇದ್ದವರಿಗೆ ಇವೆಲ್ಲ ಆಗಬಾರದು ಅಂತೇನಿಲ್ಲ ಅಲ್ವಾ? ಯಾವುದು ಯಾವುದರಿಂದ ಆಯಿತು ಅಂತ ಗಂಟು ಹಾಕುವುದು ವೈದ್ಯರ ಕೆಲಸ.

ಇನ್ನು ‘ಅನ್‌ಕಂಟ್ರೋಲ್ಡ್’ ಎಂಬ ಪದ. ನಮ್ಮ ಕೇಸ್ ಶೀಟುಗಳಲ್ಲಿ ಇದಕ್ಕಿಂತ ಜಾಸ್ತಿ ಸಿಗುವ, ಇದಕ್ಕಿಂತ ಕಡಿಮೆ ಹೇಳುವ ಪದ ಇನ್ನೊಂದಿಲ್ಲ. ಸಕ್ಕರೆ ಏರಿದರೂ ಅನ್‌ಕಂಟ್ರೋಲ್ಡ್, ಇಳಿದರೂ ಅನ್‌ಕಂಟ್ರೋಲ್ಡ್. ಅಮೆರಿಕದ ಇಂಡೆಕ್ಸ್ ತೆಗೆದು ನೋಡಿ. ಆ ಪದದ ಕೆಳಗೆ ಎರಡು ದಾರಿ ಕೊಟ್ಟಿದ್ದಾರೆ: ಸಕ್ಕರೆ ಏರಿದೆ ಎಂಬ ಅರ್ಥವಿದ್ದರೆ ಒಂದು ಕಡೆ, ಇಳಿದಿದೆ ಎಂಬ ಅರ್ಥವಿದ್ದರೆ ಇನ್ನೊಂದು ಕಡೆ. ಯಾವ ಅರ್ಥದಲ್ಲಿ ಬರೆದರು ಅಂತ ಡಾಕ್ಟರನ್ನೇ ಕೇಳಬೇಕು. ಎರಡು ದಾರಿಯಲ್ಲಿ ಯಾವುದೂ ಡಿಕೆಎಗೆ ಹೋಗುವುದಿಲ್ಲ.

ಈಗ ಮೂರು ಕೋಡುಗಳ ವಿಷಯ. ನೀವು, ನಿಮ್ಮ ಸೀನಿಯರ್, ನಿಮ್ಮ ಸರ್, ಮೂವರೂ ಒಂದೇ ಪುಸ್ತಕ ಇಟ್ಟುಕೊಂಡು ಮಾತಾಡುತ್ತಿಲ್ಲ. ಗೊಂದಲ ಅಲ್ಲೇ ಹುಟ್ಟಿದೆ. ರೋಗಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ-10 ಒಂದು. ಅದನ್ನು ಅಮೆರಿಕದವರು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡ ಐಸಿಡಿ-10-ಸಿಎಂ ಇನ್ನೊಂದು. ಹೊರಗಿನಿಂದ ನೋಡಿದರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಡಯಾಬಿಟಿಸ್ ವಿಷಯಕ್ಕೆ ಬಂದರೆ ಒಳಗಿನ ಲೆಕ್ಕವೇ ಬೇರೆ.

ಸಂಸ್ಥೆಯ ಪುಸ್ತಕದಲ್ಲಿ ಇ10 ಅಂದರೆ ಟೈಪ್ 1, ಇ11 ಅಂದರೆ ಟೈಪ್ 2. ಚುಕ್ಕೆಯ ನಂತರ 1 ಬಂದರೆ ಕೋಮಾ ಇಲ್ಲದ ಕೀಟೋಅಸಿಡೋಸಿಸ್. 0 ಬಂದರೆ ಕೋಮಾ. ಕೀಟೋಅಸಿಡೋಸಿಸ್‌ನಿಂದ ಆದ ಕೋಮಾ, ಸಕ್ಕರೆ ಇಳಿದು ಆದ ಕೋಮಾ, ಎಲ್ಲವೂ ಆ 0 ಒಳಗೇ. ಟೈಪ್ ಬರೆದಿಲ್ಲ ಅಂದರೆ ಇ14 ಅಂತ ಪ್ರತ್ಯೇಕ ಜಾಗ ಇದೆ. ಆಗ ಕೀಟೋಅಸಿಡೋಸಿಸ್‌ಗೆ ಇ14.1.

ಅಮೆರಿಕದ ಪುಸ್ತಕದಲ್ಲಿ ಇ14 ಇಲ್ಲವೇ ಇಲ್ಲ. ಟೈಪ್ ಬರೆದಿಲ್ಲದಿದ್ದರೆ ಇ11ಕ್ಕೇ ಹೋಗಬೇಕು. ಕೀಟೋಅಸಿಡೋಸಿಸ್‌ಗೆ ಚುಕ್ಕೆಯ ನಂತರ ಎರಡು ಅಂಕಿ. ಕೋಮಾ ಇಲ್ಲದಿದ್ದರೆ ಇ11.10, ಇದ್ದರೆ ಇ11.11. ಟೈಪ್ 1 ಆದರೆ ಇ10.10, ಇ10.11. ಅಲ್ಲಿ ಇ11.0 ಅಂದರೆ ಕೋಮಾ ಅಲ್ಲ, ಸಕ್ಕರೆ ತೀರಾ ಏರಿ ರಕ್ತ ಮಂದವಾಗುವ ಹೈಪರ್‌ಆಸ್ಮೋಲಾರ್ ಸ್ಥಿತಿ. ಒಂದೇ ಫೈಲಿನಲ್ಲಿ ಡಾಕ್ಟರ್ ಬರೀ ‘ಡಿಕೆಎ’ ಅಂತ ಬರೆದು ಟೈಪ್ ಬಿಟ್ಟರು ಅಂದುಕೊಳ್ಳಿ. ಹಗಲು ಆಸ್ಪತ್ರೆಯಲ್ಲಿ ನೀವು ಇ14.1 ಹಾಕುತ್ತೀರಿ. ಸಂಜೆ ಕ್ಲಾಸಿನಲ್ಲಿ ಇ11.10 ಹಾಕುತ್ತೀರಿ. ಎರಡೂ ಸರಿಯೇ. ನಮ್ಮ ಕಡೆಯ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎರಡೂ ಪಟ್ಟಿ ಕಲಸಿಕೊಂಡು ಕೂತಿರುವುದನ್ನು ನಾನು ನೋಡಿದ್ದೇನೆ. ಹಾಗಾಗಿ ನಿಮ್ಮ ಆಸ್ಪತ್ರೆ ಯಾವ ಪಟ್ಟಿ ಬಳಸುತ್ತದೆ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಇಲ್ಲಿನ ಇನ್ಶೂರೆನ್ಸ್ ಕ್ಲೇಮ್ ಫಾರ್ಮಿನ ಬಿ ಭಾಗದಲ್ಲಿ ಆಸ್ಪತ್ರೆ ತುಂಬಬೇಕಾದ ಐಸಿಡಿ-10 ಕಾಲಂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಫೈಲ್ ಆದರೆ ಅಲ್ಲಿ ಪ್ಯಾಕೇಜ್ ಕೋಡ್ ಬೇರೆ ಇರುತ್ತದೆ. ಅದನ್ನೂ ಐಸಿಡಿಯನ್ನೂ ಒಂದೇ ಅಂದುಕೊಳ್ಳಬೇಡಿ.

ಹಳೇ ನೋಟ್ಸ್ ಓದುತ್ತಿದ್ದರೆ ಒಂದು ಎಚ್ಚರಿಕೆ. ಇ11.10 ಬಂದದ್ದು 2017ರ ಅಕ್ಟೋಬರ್ 1ಕ್ಕೆ. ಅದಕ್ಕೂ ಮೊದಲು ಅಮೆರಿಕದ ಪುಸ್ತಕದಲ್ಲಿ ಟೈಪ್ 2 ಇದ್ದವರ ಕೀಟೋಅಸಿಡೋಸಿಸ್‌ಗೆ ಜಾಗವೇ ಇರಲಿಲ್ಲ. ಇ13.10 ಹಾಕುತ್ತಿದ್ದರು. ಟೈಪ್ 2 ಇದ್ದವರಿಗೆ ಡಿಕೆಎ ಬರುವುದಿಲ್ಲ ಎಂಬ ಹಳೇ ನಂಬಿಕೆಯ ನೆರಳು ಅದು. ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ನಿಮ್ಮ ಸೀನಿಯರ್ ಹೇಳಿದ ಮಾತಿಗೆ ಬರೋಣ. ಇನ್ಸುಲಿನ್ ಮೇಲಿದ್ದಾರೆ, ಹಾಗಾಗಿ ಟೈಪ್ 1. ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಫೈಲ್ ಬಂತು. ಇಪ್ಪತ್ತರ ಆಸುಪಾಸು, ಸಣಕಲ ಮೈ, ಮೊದಲ ಸಲವೇ ಡಿಕೆಎ ಆಗಿ ಐಸಿಯುಗೆ ಬಂದಿದ್ದ. ಡಾಕ್ಟರ್ ಟೈಪ್ ಬರೆದಿರಲಿಲ್ಲ. ವಯಸ್ಸು ಚಿಕ್ಕದು, ಇನ್ಸುಲಿನ್ ಇದೆ ಅಂತ ನಾನೇ ಟೈಪ್ 1ಕ್ಕೆ ಹಾಕಿದೆ. ಮುಂದೆ ಕೆಲವು ತಿಂಗಳಲ್ಲಿ ಅವನಿಗೆ ಇನ್ಸುಲಿನ್ ಬೇಡವಾಗಿ ಗುಳಿಗೆಯಲ್ಲೇ ನಡೆಯಿತು. ಡಿಕೆಎಯಿಂದಲೇ ಶುರುವಾಗುವ ಟೈಪ್ 2 ಕೂಡ ಇದೆ, ಡಾಕ್ಟರರು ಅದನ್ನು ಕೀಟೋಸಿಸ್ ಪ್ರೋನ್ ಅನ್ನುತ್ತಾರೆ. ಎರಡನೇ ಸಲ ಅವನು ಬೇರೆ ತೊಂದರೆಗೆ ಅಡ್ಮಿಟ್ ಆದಾಗ ಹೊಸ ಫೈಲಿನಲ್ಲಿ ಟೈಪ್ 2 ಅಂತ ಬಂತು. ಹಳೆಯದರಲ್ಲಿ ಟೈಪ್ 1. ಇವರು ರೋಗ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ನಿಲ್ಲಿಸಿದರು. ಅವನ ತಂದೆ ಸಿಂಧನೂರಿನಿಂದ ಬಳ್ಳಾರಿಗೆ ನಾಲ್ಕು ಸಲ ಬಸ್ಸಿನಲ್ಲಿ ಓಡಾಡಿದರು. ನನ್ನ ಊಹೆಯ ಒಂದು ಅಂಕಿಗೆ ಅವರು ನಾಲ್ಕು ದಿನದ ಕೂಲಿ ಕಳೆದುಕೊಂಡರು. ಆ ಮುಖ ನನಗೆ ಇನ್ನೂ ನೆನಪಿದೆ.

ವಯಸ್ಸು ಟೈಪನ್ನು ತೀರ್ಮಾನಿಸುವುದಿಲ್ಲ. ಇನ್ಸುಲಿನ್ನೂ ತೀರ್ಮಾನಿಸುವುದಿಲ್ಲ. ಟೈಪ್ 2 ಇದ್ದವರು ದಿನವೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅಮೆರಿಕದ ಪುಸ್ತಕದಲ್ಲಿ ಝಡ್79.4 ಅಂತ ಜೊತೆಗೆ ಹಾಕುತ್ತೇವೆ. ಆಸ್ಪತ್ರೆಯಲ್ಲಿದ್ದಾಗ ಸಕ್ಕರೆ ಇಳಿಸಲು ನಾಲ್ಕು ದಿನ ಕೊಟ್ಟರು ಅಂದರೆ ಅದನ್ನು ಹಾಕುವಂತಿಲ್ಲ.

ಹಾಗಾದರೆ ಮಾಡುವುದೇನು? ಡಾಕ್ಟರನ್ನು ಕೇಳುವುದು. ಇದಕ್ಕೂ ಕ್ವೆರಿ ಅಂತಲೇ ಹೆಸರು. ಇನ್ಶೂರೆನ್ಸ್‌ನವರು ನಿಮಗೆ ಹಾಕಿದ್ದು ಒಂದು ಕ್ವೆರಿ, ನೀವು ಡಾಕ್ಟರಿಗೆ ಹಾಕುವುದು ಇನ್ನೊಂದು. ಎರಡನೆಯದನ್ನು ಸಮಯಕ್ಕೆ ಹಾಕಿದ್ದರೆ ಮೊದಲನೆಯದು ಎಷ್ಟೋ ಸಲ ಬರುವುದೇ ಇಲ್ಲ. ಆದರೆ ಕೇಳುವುದಕ್ಕೂ ಒಂದು ರೀತಿ ಇದೆ. ‘ಸರ್, ಡಿಕೆಎ ಅಂತ ಬರೆದುಕೊಡಿ, ಕ್ಲೇಮ್ ನಿಂತಿದೆ’ ಅಂತ ಫೋನ್ ಮಾಡಿ ಹೇಳುವುದು ಕ್ವೆರಿ ಅಲ್ಲ. ಉತ್ತರವನ್ನು ನೀವೇ ಅವರ ಬಾಯಿಗೆ ಇಟ್ಟ ಹಾಗೆ ಆಗುತ್ತದೆ. ದುಡ್ಡಿನ ಮಾತನ್ನಂತೂ ಎತ್ತಲೇಬಾರದು. ಫೈಲಿನಲ್ಲಿ ಕಂಡದ್ದನ್ನು ಕಂಡ ಹಾಗೆ ಮುಂದಿಡಿ. ಅದರ ಅರ್ಥ ಅವರು ಹೇಳಲಿ. ನಿಮ್ಮ ಫೈಲಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಡಾಕ್ಟರೇ, ಅಡ್ಮಿಷನ್ ದಿನ ಈ ರೋಗಿಯ ಶುಗರ್ 412, ಪಿಎಚ್ 7.18, ಬೈಕಾರ್ಬೊನೇಟ್ 11, ಮೂತ್ರದ ಕೀಟೋನ್ 3+ ಅಂತ ಇದೆ. ಇನ್ಸುಲಿನ್ ಇನ್‌ಫ್ಯೂಷನ್ ಕೊಡಲಾಗಿದೆ. ನೋಟ್ಸ್‌ನಲ್ಲಿ ಅನ್‌ಕಂಟ್ರೋಲ್ಡ್ ಡಯಾಬಿಟಿಸ್, ಮೆಟಬಾಲಿಕ್ ಅಸಿಡೋಸಿಸ್ ಅಂತ ಬರೆದಿದೆ. ಈ ಚಿಕಿತ್ಸೆ ಯಾವ ಸ್ಥಿತಿಗಾಗಿ ಕೊಟ್ಟದ್ದು ಎಂದು ದಯವಿಟ್ಟು ದಾಖಲಿಸಿ. ಡಯಾಬಿಟಿಕ್ ಕೀಟೋಅಸಿಡೋಸಿಸ್, ಉಪವಾಸದ ಕೀಟೋಸಿಸ್, ಲ್ಯಾಕ್ಟಿಕ್ ಅಸಿಡೋಸಿಸ್, ಬೇರೆ ಯಾವುದಾದರೂ, ಅಥವಾ ಹೇಳಲು ಆಗದು. ಡಯಾಬಿಟಿಸ್ ಯಾವ ಟೈಪ್ ಎಂಬುದನ್ನೂ ದಾಖಲಿಸಿ.’

ಇದಕ್ಕೆ ಡಾಕ್ಟರ್ ಕೊಡುವ ಉತ್ತರ ಫೈಲಿನಲ್ಲಿ ಸೇರಬೇಕು. ರೋಗಿ ಆಗಲೇ ಮನೆಗೆ ಹೋಗಿದ್ದರೆ ಅಡೆಂಡಮ್ (ಆಮೇಲೆ ಸೇರಿಸಿದ ಟಿಪ್ಪಣಿ) ಅಂತ ಬರೆದು, ಬರೆದ ದಿನದ ತಾರೀಕು, ಸಮಯ, ಸಹಿ ಹಾಕಬೇಕು. ಹಳೇ ಹಾಳೆಯಲ್ಲಿ ಖಾಲಿ ಜಾಗ ಹುಡುಕಿ ‘ಡಿಕೆಎ’ ಅಂತ ತುರುಕುವುದು, ಹಳೇ ತಾರೀಕು ಹಾಕುವುದು ಬೇಡವೇ ಬೇಡ. ಯಾರು ಒತ್ತಾಯ ಮಾಡಿದರೂ ಬೇಡ. ಬೇರೆ ಪೆನ್ನಿನ ಶಾಯಿ ಕ್ಲೇಮ್ ಪರಿಶೀಲಿಸುವ ಆಡಿಟರ್ ಕಣ್ಣಿಗೆ ಮೊದಲು ಬೀಳುತ್ತದೆ. ಬೀಳದಿದ್ದರೂ ಅದು ಸುಳ್ಳು ದಾಖಲೆಯೇ.

ಡಾಕ್ಟರ್ ಡಿಕೆಎ ಅಂತ ಬರೆದುಬಿಟ್ಟರೆ ಕೋಡ್ ನಿಂತಿತು. ಕ್ಲೇಮ್ ಪಾಸಾಗುತ್ತದೆ ಅಂತ ಮಾತ್ರ ಹೇಳಲಾಗದು. ಆಡಿಟರ್ ಮುಂದಿನ ಪ್ರಶ್ನೆ ಕೇಳುತ್ತಾರೆ: ಡಿಕೆಎ ಅಂತ ಹೇಳಲು ಫೈಲಿನಲ್ಲಿ ಆಧಾರ ಏನಿದೆ? ಇಲ್ಲಿ 2024ರಲ್ಲಿ ಅಮೆರಿಕ, ಯುರೋಪಿನ ಡಯಾಬಿಟಿಸ್ ಸಂಘಗಳು ಸೇರಿ ಹೊರತಂದ ಒಮ್ಮತದ ವರದಿ ಗೊತ್ತಿರಬೇಕು. ಮೂರು ಸಂಗತಿ ಬೇಕು. ಶುಗರ್ 200 ಅಥವಾ ಮೇಲೆ, ಇಲ್ಲವೇ ಮೊದಲಿನಿಂದ ಡಯಾಬಿಟಿಸ್ ಇರುವುದು. ರಕ್ತದ ಕೀಟೋನ್ 3 ಅಥವಾ ಮೇಲೆ, ಇಲ್ಲವೇ ಮೂತ್ರದಲ್ಲಿ 2+ ಅಥವಾ ಮೇಲೆ. ಪಿಎಚ್ 7.3ಕ್ಕಿಂತ ಕೆಳಗೆ ಅಥವಾ ಬೈಕಾರ್ಬೊನೇಟ್ 18ಕ್ಕಿಂತ ಕೆಳಗೆ. 2009ರ ಹಳೇ ಮಾನದಂಡದಲ್ಲಿ ಶುಗರ್ 250 ದಾಟಿರಬೇಕಿತ್ತು. ಇನ್ಶೂರೆನ್ಸ್‌ನವರು ಈಗಲೂ ಕೆಲವೊಮ್ಮೆ ಆ 250 ಹಿಡಿದು ಕೂರುತ್ತಾರೆ. ರಕ್ತದಲ್ಲಿ ಹೆಚ್ಚಿನ ಆಮ್ಲ ಸೇರಿದೆಯಾ ಅಂತ ತೋರಿಸುವ ಆನಯಾನ್ ಗ್ಯಾಪ್ ಬರೆದಿದ್ದರೆ ಇನ್ನೂ ಒಳ್ಳೆಯದು. ಲೆಕ್ಕ ಸುಲಭ: ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಕಳೆಯುವುದು. ಸೋಡಿಯಂ 132, ಕ್ಲೋರೈಡ್ 98, ಬೈಕಾರ್ಬೊನೇಟ್ 11 ಇದ್ದರೆ ಗ್ಯಾಪ್ 23. 12 ದಾಟಿದರೇ ಡಾಕ್ಟರರು ಹುಬ್ಬೇರಿಸುತ್ತಾರೆ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ನಿಮ್ಮ ರೋಗಿ ರೆಫರ್ ಆಗಿ ಬಂದವರು ಅಂದಿರಿ. ನಮ್ಮ ಮೂರು ಜಿಲ್ಲೆಗಳಲ್ಲಿ ಡಿಕೆಎ ರೋಗಿ ನೆಟ್ಟಗೆ ದೊಡ್ಡ ಆಸ್ಪತ್ರೆಗೆ ಬರುವುದು ಕಡಿಮೆ. ಮೊದಲು ಊರಿನ ಕ್ಲಿನಿಕ್, ಆಮೇಲೆ ತಾಲೂಕು ಆಸ್ಪತ್ರೆ, ಅಲ್ಲಿಂದ 108ರಲ್ಲಿ ಬಳ್ಳಾರಿಗೋ ರಾಯಚೂರಿನ ರಿಮ್ಸ್‌ಗೋ ಕೊಪ್ಪಳದ ಕಿಮ್ಸ್‌ಗೋ. ಇದೇ ಸರಿಯಾದ ಕ್ರಮ. ತಾಲೂಕು ಆಸ್ಪತ್ರೆಯವರು ಸಲೈನ್ ಹಚ್ಚುತ್ತಾರೆ, ಇನ್ಸುಲಿನ್ ಕೊಡುತ್ತಾರೆ, ಜೀವ ಉಳಿಸಿಯೇ ಕಳಿಸುತ್ತಾರೆ. ಆದರೆ ರೋಗಿ ಇಲ್ಲಿಗೆ ಮುಟ್ಟುವ ಹೊತ್ತಿಗೆ 540 ಇದ್ದ ಶುಗರ್ 230 ಆಗಿರುತ್ತದೆ. ಪಿಎಚ್ 7.29ಕ್ಕೆ ಏರಿರುತ್ತದೆ. ನಮ್ಮ ಕೇಸ್ ಶೀಟಿನಲ್ಲಿ ಆ ಅಂಕಿಗಳೇ ಬೀಳುತ್ತವೆ. ಮೂರು ತಿಂಗಳ ನಂತರ ಆಡಿಟರ್ ನೋಡಿ, ‘ಇದಕ್ಕೆ ಐಸಿಯು ಯಾಕೆ ಬೇಕಿತ್ತು?’ ಅಂತ ಕೇಳುತ್ತಾರೆ. ಉತ್ತರ ಎಲ್ಲಿತ್ತು? ಆ ರೆಫರಲ್ ಚೀಟಿಯಲ್ಲಿತ್ತು. ಚೀಟಿ ಎಲ್ಲಿ? ಕ್ಯಾಶುವಾಲ್ಟಿ ಟೇಬಲ್ ಮೇಲೆ ಬಿಟ್ಟು ಹೋಯಿತು, ಅಥವಾ ರೋಗಿಯ ಅಣ್ಣನ ಅಂಗಿ ಜೇಬಿನಲ್ಲಿ ಊರಿಗೆ ವಾಪಸ್ ಹೋಯಿತು.

ಆದ್ದರಿಂದ ರೆಫರಲ್ ಚೀಟಿ ಬಂದ ಕೂಡಲೇ ಅದರ ಫೋಟೊಕಾಪಿ ಫೈಲಿಗೆ ಸೇರಬೇಕು. ಅದಷ್ಟೇ ಸಾಲದು. ‘ರೆಫರ್ ಮಾಡಿದ ಆಸ್ಪತ್ರೆಯಲ್ಲಿ ಇಷ್ಟು ಗಂಟೆಗೆ ಶುಗರ್ ಇಷ್ಟು, ಕೀಟೋನ್ ಇಷ್ಟು, ಇಷ್ಟು ಸಲೈನ್, ಇಷ್ಟು ಯೂನಿಟ್ ಇನ್ಸುಲಿನ್ ಆದ ಮೇಲೆ ಇಲ್ಲಿಗೆ ಬಂದಿದ್ದಾರೆ’ ಅಂತ ನಮ್ಮ ಡಾಕ್ಟರ್ ತಮ್ಮ ಕೈಯಾರೆ ಅಡ್ಮಿಷನ್ ನೋಟಿನಲ್ಲಿ ಬರೆಯಬೇಕು. ಆ ಎರಡು ಸಾಲು ಇದ್ದರೆ 7.29ರ ಹಿಂದಿನ ಕಥೆ ಗೊತ್ತಾಗುತ್ತದೆ. ಡ್ಯೂಟಿ ಡಾಕ್ಟರ್‌ಗಳಿಗೆ, ಸ್ಟಾಫ್ ನರ್ಸ್‌ಗಳಿಗೆ ನಾನು ಹೋದಲ್ಲೆಲ್ಲ ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಜೊತೆಗೆ ಬಂದವರ ಮಾತನ್ನು ಬರೆದುಕೊಳ್ಳುವಾಗಲೂ ನಮ್ಮ ಭಾಷೆ ಗೊತ್ತಿರಬೇಕು. ನಮ್ಮ ಕಡೆ ಯಾವ ಬಾಟ್ಲಿ ಹಚ್ಚಿದರೂ ‘ಗ್ಲುಕೋಸ್ ಏರಿಸ್ಯಾರ್ರೀ’ ಅನ್ನುತ್ತಾರೆ. ಹೊರಗಿನಿಂದ ಬಂದ ಡಾಕ್ಟರೊಬ್ಬರು ಅದನ್ನು ಕೇಳಿ ‘ಡೆಕ್ಸ್‌ಟ್ರೋಸ್ ಕೊಟ್ಟಿದ್ದಾರೆ’ ಅಂತ ಬರೆದದ್ದು ನೋಡಿದ್ದೇನೆ. ಸಕ್ಕರೆ 500 ಇದ್ದವರಿಗೆ ಗ್ಲೂಕೋಸ್ ಕೊಟ್ಟರು ಅಂತ ದಾಖಲೆಯಾಯಿತು. ಕೊಟ್ಟದ್ದು ನಾರ್ಮಲ್ ಸಲೈನ್. ಹಾಗೇ ‘ಸೂಜಿ ಬಿಟ್ಟೀನ್ರಿ’ ಅಂದರೆ ಇನ್ಸುಲಿನ್ ನಿಲ್ಲಿಸಿದ್ದೇನೆ ಅಂತ.

ಆ ‘ಸೂಜಿ ಬಿಟ್ಟೀನ್ರಿ’ ಮಾತಿನ ಹಿಂದೆ ಹೋಗಿ. ಡಿಕೆಎ ಯಾಕೆ ಬಂತು ಎಂಬುದು ಫೈಲಿನಲ್ಲಿ ಇರಲೇಬೇಕು. ಸೋಂಕು ಬಂದು ಬಂತಾ, ಡಯಾಬಿಟಿಸ್ ಇರುವುದೇ ಈಗ ಗೊತ್ತಾಯಿತಾ, ಇನ್ಸುಲಿನ್ ತಪ್ಪಿತಾ? ತಪ್ಪಿದ್ದರೆ ಸಾಮಾನ್ಯವಾಗಿ ‘ನಾನ್ ಕಂಪ್ಲೈಂಟ್’ ಅಂತ ಒಂದು ಪದ ಗೀಚಿ ಮುಗಿಸುತ್ತಾರೆ. ನನಗೆ ಆ ಪದ ಕಂಡರೆ ಸಂಕಟವಾಗುತ್ತದೆ. ರೋಗಿಯನ್ನು ಬೈದ ಹಾಗಿರುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ. ಭತ್ತದ ನಾಟಿ ಹೊತ್ತಿನಲ್ಲಿ ಬೆಳಗಿನಿಂದ ಗದ್ದೆಯಲ್ಲಿ ನಿಂತವರು ಸೂಜಿ ಮರೆತಿರಬಹುದು. ಬೆಂಗಳೂರಿಗೆ ಗುಳೆ ಹೋದವರು ಅಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೋ ಗೊತ್ತಾಗದೆ ಬಿಟ್ಟಿರಬಹುದು. ದುಡ್ಡಿಲ್ಲದೆ ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸಿರಬಹುದು. ಅಮೆರಿಕದ ಪುಸ್ತಕ ಇವನ್ನೆಲ್ಲ ಬೇರೆ ಬೇರೆ ಮಾಡುತ್ತದೆ. ಇನ್ಸುಲಿನ್ ಕಡಿಮೆ ತೆಗೆದುಕೊಂಡದ್ದಕ್ಕೆ ಟಿ38.3ಎಕ್ಸ್6ಎ. ಅದರ ಜೊತೆಗೆ ಕಾರಣ: ದುಡ್ಡಿನ ತೊಂದರೆಯಿಂದ ತಾವೇ ಕಡಿಮೆ ಮಾಡಿದ್ದರೆ ಝಡ್91.120, ಬೇರೆ ಕಾರಣಕ್ಕೆ ಬೇಕೆಂದೇ ಬಿಟ್ಟಿದ್ದರೆ ಝಡ್91.128, ಮರೆತು ತಪ್ಪಿದ್ದರೆ ಝಡ್91.138. ಕಡಿಮೆ ತೆಗೆದುಕೊಂಡದ್ದರ ಈ ಟಿ ಕೋಡ್ ಯಾವತ್ತೂ ಮೊದಲು ಬರುವುದಿಲ್ಲ. ಮೊದಲು ಇ11.10, ಆಮೇಲೆ ಅದು. ಇನ್ಸುಲಿನ್ ಪಂಪ್ ಕೆಟ್ಟು ಹೀಗಾಗಿದ್ದರೆ ಮಾತ್ರ ಪಂಪಿನ ಟಿ85.6 ಸಾಲಿನ ಕೋಡ್ ಮೊದಲು ಬರುತ್ತದೆ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದು, ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕದಲ್ಲಿ ಇಷ್ಟು ಬಿಡಿಸಿಲ್ಲ, ಝಡ್91.1 ಒಂದೇ ಇದೆ.

ಆದರೆ ಕೋಡಿನಲ್ಲಿ ಬಿಡಿಸದಿದ್ದರೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾರಣ ಬರೆದಿರಲಿ. ಮುಂದಿನ ಡಾಕ್ಟರ್ ಅದನ್ನೇ ಓದುವುದು. ದುಡ್ಡಿಲ್ಲದೆ ಬಿಟ್ಟವರನ್ನು ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ರೋಗಗಳ) ಕ್ಲಿನಿಕ್ಕಿಗೆ ಕಳಿಸಬಹುದು. ಇನ್ನೂ ಒಂದು ಸಂಗತಿ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತೆರೆದ ಇನ್ಸುಲಿನ್ ವಯಲ್ಲನ್ನು ಹೊರಗಿಡಬಹುದು ಅನ್ನುವುದು 25ರಿಂದ 30 ಡಿಗ್ರಿಯ ಒಳಗೆ, ಅದೂ ಸುಮಾರು ನಾಲ್ಕು ವಾರ. ಫ್ರಿಜ್ ಇಲ್ಲದ ತಗಡಿನ ಮನೆಯಲ್ಲಿ ಅದು ಸತ್ವ ಕಳೆದುಕೊಳ್ಳುತ್ತದೆ. ರೋಗಿ ಒಂದು ದಿನವೂ ತಪ್ಪಿಸದೆ ಸೂಜಿ ಚುಚ್ಚಿಕೊಂಡಿರುತ್ತಾರೆ, ಆದರೂ ಡಿಕೆಎ ಆಗಿರುತ್ತದೆ. ಅಂಥವರ ಫೈಲಿನಲ್ಲಿ ‘ನಾನ್ ಕಂಪ್ಲೈಂಟ್’ ಅಂತ ಬಿದ್ದರೆ ಅದು ಅನ್ಯಾಯ. ‘ಇನ್ಸುಲಿನ್ ಎಲ್ಲಿ ಇಡ್ತೀರಿ?’ ಅಂತ ಒಂದು ಮಾತು ಕೇಳಿ ಬರೆದರೆ ಸಾಕು.

ಗುಳಿಗೆಗಳ ಪಟ್ಟಿಯನ್ನೂ ಪೂರ್ತಿ ಬರೆಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳು ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತವೆ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಅಗ್ಗವಾಗಿ ಸಿಗುತ್ತಿದೆ. ಒಳ್ಳೆಯ ಔಷಧಿಯೇ, ಹೃದಯಕ್ಕೂ ಕಿಡ್ನಿಗೂ ಉಪಯೋಗ ಇದೆ. ಆದರೆ ಇದನ್ನು ತೆಗೆದುಕೊಳ್ಳುವವರು ಉಪವಾಸ ಇದ್ದಾಗ, ವಾಂತಿಯಾದಾಗ, ಆಪರೇಷನ್ ಹೊತ್ತಿನಲ್ಲಿ ಶುಗರ್ 180 ಇದ್ದೂ ಡಿಕೆಎ ಆಗಬಹುದು. ಅಮೆರಿಕದ ಔಷಧ ನಿಯಂತ್ರಣದವರು 2015ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು. ಶುಗರ್ ಅಷ್ಟೇನೂ ಇಲ್ಲವಲ್ಲ ಅಂತ ಆಡಿಟರ್ ತಳ್ಳಿಹಾಕುವುದು ಇಂಥ ಫೈಲುಗಳನ್ನೇ. ಡಾಕ್ಟರ್ ‘ಯೂಗ್ಲೈಸೀಮಿಕ್ ಡಿಕೆಎ’ (ಶುಗರ್ ಅಷ್ಟು ಏರದ ಡಿಕೆಎ) ಅಂತ ಬರೆದು, ಗುಳಿಗೆಯ ಹೆಸರು ಬರೆದು, ಅದರಿಂದಲೇ ಆಯಿತು ಅಂತ ಸಂಬಂಧ ಕಟ್ಟಿರಬೇಕು. ಆಗ ಇ11.10 ಜೊತೆಗೆ ಟಿ38.3ಎಕ್ಸ್5ಎ. ಸಂಸ್ಥೆಯ ಪುಸ್ತಕದಲ್ಲಾದರೆ ವೈ42.3.

ಉಳಿದ ಕೋಡುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಕೆಎ ಕೋಡ್ ಹಾಕಿದ ಮೇಲೆ ಅಸಿಡೋಸಿಸ್‌ಗೆ ಅಂತ ಇ87.2 ಸಾಲಿನಿಂದ ಬೇರೆ ಕೋಡ್ ಹಾಕಬೇಡಿ. ಅದು ಒಳಗೇ ಇದೆ. ಪೊಟ್ಯಾಸಿಯಂ ಇಳಿದು, ಡಾಕ್ಟರ್ ಹಾಗಂತ ಬರೆದು, ಕೊಟ್ಟೂ ಇದ್ದರೆ ಇ87.6. ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಬರೆದಿದ್ದರೆ ಎನ್17.9. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಲ್ಯಾಬ್ ವಿಧಾನಗಳಲ್ಲಿ ಕೀಟೋನ್ ಇದ್ದಾಗ, ಕಿಡ್ನಿ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅಂಕಿ ನೋಡಿ ನಾವು ಕೋಡ್ ಹಾಕಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಕೋಮಾ ಅಂತ ಹಾಕಲು ಡಾಕ್ಟರ್ ಕೋಮಾ ಅಂತಲೇ ಬರೆದಿರಬೇಕು. ‘ಡ್ರೌಸಿ’ ಅಂದರೆ ಕೋಮಾ ಅಲ್ಲ. ಅಮೆರಿಕದ ಫೈಲುಗಳಲ್ಲಿ ಡಿಕೆಎ ಬರುವಾಗಲೇ ಇತ್ತಾ, ಆಸ್ಪತ್ರೆಯಲ್ಲಿ ಆಯಿತಾ ಅಂತ ಗುರುತು ಹಾಕಬೇಕು. ಆಸ್ಪತ್ರೆಯಲ್ಲಿ ಆಗಿದ್ದರೆ ಅದು ಅವರ ಲೋಪ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಅದರ ಸಲುವಾಗಿ ಹೆಚ್ಚಿನ ಹಣ ಕೊಡುವುದಿಲ್ಲ.

ರೋಗಿ ತೀರಿಕೊಂಡಿದ್ದರೆ ಸಾವಿನ ಕಾರಣದ ಫಾರ್ಮ್ 4ರಲ್ಲಿ ‘ಹೃದಯ ನಿಂತು’ ಅಂತಷ್ಟೇ ಬರೆದು ಕಳಿಸುವ ರೂಢಿ ಇದೆ. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ. ಮೇಲಿನ ಸಾಲಿನಲ್ಲಿ ಕೀಟೋಅಸಿಡೋಸಿಸ್, ಕೆಳಗಿನ ಸಾಲಿನಲ್ಲಿ ಯಾವ ಟೈಪ್ ಡಯಾಬಿಟಿಸ್ ಅಂತ ಬಂದರೆ ಮಾತ್ರ ಜಿಲ್ಲೆಯಲ್ಲಿ ಎಷ್ಟು ಜನ ಇದರಿಂದ ಸಾಯುತ್ತಿದ್ದಾರೆ ಅಂತ ಲೆಕ್ಕ ಸಿಗುತ್ತದೆ.

ಈಗ ನಿಮ್ಮ ಫೈಲಿಗೆ ವಾಪಸ್ ಬರೋಣ. ನಾಳೆ ಬೆಳಿಗ್ಗೆ ಡಾಕ್ಟರ್ ರೌಂಡ್ಸ್ ಮುಗಿಸಿ ಕೂತ ಮೇಲೆ ಕ್ವೆರಿ ಕೊಡಿ. ಫೋನಿನಲ್ಲಿ ಅಲ್ಲ, ಬರಹದಲ್ಲಿ. ನಿಮ್ಮ ಆಸ್ಪತ್ರೆಯ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯದಾಗಿದ್ದು, ಅವರು ಟೈಪ್ 2, ಡಿಕೆಎ ಅಂತ ಬರೆದರೆ ನೀವು ಹಾಕಿದ ಇ11.1ನ್ನೇ ಮತ್ತೆ ಕಳಿಸಿ, ಜೊತೆಗೆ ಅಡೆಂಡಮ್ ಪ್ರತಿ ಲಗತ್ತಿಸಿ. ಟೈಪ್ ಗೊತ್ತಿಲ್ಲ ಅಂದರೆ ಇ14.1. ಬೇರೆ ಕಾರಣ ಬರೆದರೆ ಅವರು ಬರೆದದ್ದೇ. ಸೀನಿಯರ್ ಜೊತೆ ಜಗಳ ಬೇಡ. ಡಾಕ್ಟರ್ ಉತ್ತರ ಬಂದ ಮೇಲೆ ಆ ಹಾಳೆಯನ್ನು ಅವರಿಗೂ ತೋರಿಸಿ, ಸಾಕು. ಮತ್ತೆ, ಸಿರುಗುಪ್ಪ ಕಡೆಯಿಂದ ಬಂದಾಗ ತಂದ ಆ ರೆಫರಲ್ ಚೀಟಿ ನಿಮ್ಮ ಫೈಲಿನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಇವತ್ತೇ ರೋಗಿಯ ಮನೆಗೆ ಫೋನ್ ಮಾಡಿ ಕೇಳಿ.